ಝೆರಾಕ್ಸ್ ಕಾಕಾ

ಜಮಖಂಡಿಯಾಗಲಿ ಮುಧೋಳವಾಗಲಿ, ಬೀಳಗಿಯಾಗಲಿ ಬನಹಟ್ಟಿಯಾಗಲಿ, ಕಾಲೇಜಿನ ಗೇಟಿನೆದುರು ಒಬ್ಬ ಝೆರಾಕ್ಸ್ ಕಾಕಾ ಇದ್ದೇ ಇರುತ್ತಾನೆ. ಓದಿದ್ದು ಪಿಯುಸಿ, ಅದರಲ್ಲೂ ಇಂಗ್ಲಿಷ್ ಇನ್ನೂ ಬಾಕಿ. ಆದರೆ ಇತಿಹಾಸದಿಂದ ಸಸ್ಯಶಾಸ್ತ್ರದವರೆಗೆ ಎಲ್ಲ ವಿಭಾಗಗಳ ಹುಡುಗರಿಗೂ ಬರವಣಿಗೆ ಕಲಿಸುವ ಏಕೈಕ ಅಧ್ಯಾಪಕ ಅವನೇ.

ಮೊದಲೆಲ್ಲ ಹಳೆಯ ಪ್ರಾಜೆಕ್ಟಿಗೆ ಹೊಸ ಹೆಸರು ಅಂಟಿಸಿದರೆ ನಡೆಯುತ್ತಿತ್ತು. ‘ರಬಕವಿ-ಬನಹಟ್ಟಿ ನೇಕಾರರ ಸಮಸ್ಯೆಗಳು’ ಎಂಬ ಒಂದೇ ಫೈಲು ಅರ್ಥಶಾಸ್ತ್ರಕ್ಕೂ ಹೋಯಿತು, ಸಮಾಜಶಾಸ್ತ್ರಕ್ಕೂ ಹೋಯಿತು, ವಾಣಿಜ್ಯವನ್ನೂ ಪಾಸು ಮಾಡಿಕೊಂಡು ಬಂತು. ನೇಕಾರರ ಸಮಸ್ಯೆ ತೀರಲಿಲ್ಲ, ಹಾಗಾಗಿ ಫೈಲೂ ಹಳತಾಗಲಿಲ್ಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂತು, ಮರುವರ್ಷ ಜಮಖಂಡಿಗೆ ಬಾಗಲಕೋಟೆ ವಿಶ್ವವಿದ್ಯಾಲಯ ಬಂತು. ಎರಡೂ ತನಗಾಗಿಯೇ ಬಂದವೆಂದು ಕಾಕಾ ಹಿಗ್ಗಿದ. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆದ್ದಾಗಲೂ ಅವನು ಹೆದರಲಿಲ್ಲ. “ಯಾವುದರಾಗ ಸೇರಿಸಿದ್ರೂ ಪ್ರಾಜೆಕ್ಟ್ ಕೊಡೂದ ತಪ್ಪತೈತೇನೋ ತಮ್ಮಾ?”

ಎಐ ಬರೆಯುವುದು ಯೂನಿಕೋಡಿನಲ್ಲಿ, ಗೈಡ್ ಸಾಹೇಬರು ಕೇಳುವುದು ನುಡಿ ಫಾಂಟಿನಲ್ಲಿ. ಬದಲಿಸುವಾಗ ಅರ್ಕಾವತ್ತು ಹಾರಿ ಕರ್ನಾಟಕ ‘ಕನಾಟಕ’ ಆಗುತ್ತದೆ. ಹುಡುಗ ತಿದ್ದಹೋದರೆ ಕಾಕಾ ತಡೆಯುತ್ತಾನೆ: “ಇರಲಿ ಬಿಡು. ಎಲ್ಲಾ ಶುದ್ಧ ಇದ್ರ ಸರ್‌ಗೆ ಸಂಶಯ ಬರತೈತಿ.” ‘ಕಬ್ಬು ಕೇವಲ ಬೆಳೆಯಲ್ಲ, ಅದೊಂದು ಜೀವನಶೈಲಿ’ ಎಂಬಂಥ ಸಾಲು ಕಂಡರೆ ಮಾತ್ರ ಅವನಿಗೆ ತಡೆಯದು. “ಫ್ಯಾಕ್ಟರಿ ಬಿಲ್ಲಿಗೆ ಕಾದು ಕುಂತ ರೈತ ಹಿಂಗ ಮಾತಾಡತಾನೇನಲೇ?”

ಪಿಎಚ್‌ಡಿ ಮಂದಿಗೆ ಯುಜಿಸಿಯ 2018ರ ಕೃತಿಚೌರ್ಯದ ನಿಯಮ ಹೇಳಿಕೊಡುವವನೂ ಇವನೇ. ಹೋಲಿಕೆ ಶೇ. 10ರ ತನಕ ಮಾಫಿ, 40ರ ತನಕ ತಿದ್ದಿ ಕೊಡಬೇಕು, 60 ದಾಟಿದರೆ ನೋಂದಣಿಯೇ ರದ್ದು. ಎಐ ಬಂದ ಮೇಲೆ ಅವನದೊಂದು ಹೊಸ ವಾದ: “ಯಾರೂ ಬರದೇ ಇಲ್ಲಂದ್ರ ಕದ್ದದ್ದು ಹೆಂಗ ಆಗತೈತ್ರಿ?”

ಗೈಡ್ ದಪ್ಪ ನೋಡುತ್ತಾರೆ, ಹೊರಗಿನಿಂದ ಬಂದ ಪರೀಕ್ಷಕರು ಗಡಿಯಾರ ನೋಡುತ್ತಾರೆ. ಪುಟಪುಟವನ್ನೂ ಓದುವವನು ಕಾಕಾ ಒಬ್ಬನೇ. ಪ್ರಿಂಟರ್ ನಿಧಾನ, ಬೇರೆ ಕೆಲಸವಿಲ್ಲ. ಮೊನ್ನೆ ಬನಹಟ್ಟಿಯ ಹುಡುಗಿಯ ಪ್ರಾಜೆಕ್ಟ್ ಹೊರಬರುತ್ತಿತ್ತು. ‘ಮಗ್ಗದ ಮಧುರ ನಾದ’ದ ಹತ್ತಿರ ಕಾಕಾ ಪ್ರಿಂಟ್ ನಿಲ್ಲಿಸಿದ.

“ನಿಮ್ಮನ್ಯಾಗ ಎಷ್ಟು ಮಗ್ಗ ಅದಾವ ತಂಗೀ?”

“ನಾಕ್ರೀ. ಪಾವರ್‌ಲೂಮು.”

“ಮಧುರ ನಾದ ಕೇಳಸ್ತೈತೇನು?”

“ಬಾಜೂಕ ಕುಂತವರ ಮಾತ ಕೇಳಸಂಗಿಲ್ರಿ ಕಾಕಾ. ನಮ್ಮಪ್ಪಗ ಒಂದು ಕಿವಿ ಪೂರಾ ಹೋಗೇತಿ.”

“ಮತ್ತ ಅದನ್ನ ಬರಿ.”

ಅಲ್ಲೇ ಸ್ಟೂಲಿನ ಮೇಲೆ ಕೂತು ಎರಡು ಪುಟ ಬರೆದಳು. ಹೆಚ್ಚಿನ ಪುಟಗಳ ರೊಕ್ಕವನ್ನು ಕಾಕಾ ಬಿಡಲಿಲ್ಲ ಅನ್ನುವುದನ್ನೂ ಹೇಳಬೇಕು. ವಾರ ಕಳೆದು ಹುಡುಗಿ ವಾಪಸು ಬಂದಳು. ಎಐ ಬರೆದ ಅರವತ್ತು ಪುಟಕ್ಕೆ ಬರೀ ಸರಿ ಗುರುತು, ಅವಳ ಎರಡು ಪುಟದ ಸುತ್ತ ಕೆಂಪು ಗೆರೆ: ‘ಆಕರ ಯಾವುದು?’

ಕಾಕಾ ಕನ್ನಡಕ ಏರಿಸಿದ. “ನಿಮ್ಮಪ್ಪನ ಹೆಸರು ಬರಿ, ಮುಂದ ಪುಟ ಸಂಖ್ಯೆ ಹಾಕು.”

“ಪುಟ ಎಷ್ಟನೇದ್ರೀ?”

“ನಾಕು ಮಗ್ಗ ಅಂದೆಲ್ಲ? ನಾಕ ಹಾಕು.”