ಬಿಚ್ಚಿ ನೋಡುವ ಕಾಕಾ

ಲೋಕದಲ್ಲಿ ಮುಚ್ಚಿದ್ದನ್ನು ಮುಚ್ಚಿದಂತೆಯೇ ಬಿಟ್ಟು ನೆಮ್ಮದಿಯಿಂದ ಉಂಡು ಮಲಗಬಲ್ಲವರದು ಒಂದು ವರ್ಗವಾದರೆ, ಮುಚ್ಚಳವೊಂದು ಕಣ್ಣಿಗೆ ಬಿದ್ದೊಡನೆಯೇ ಅದಕ್ಕೆ ಬೋಲ್ಟುಗಳೆಷ್ಟೆಂದು ಎಣಿಸತೊಡಗುವವರದು ಮತ್ತೊಂದು ವರ್ಗ. ಈ ಎರಡನೆಯ ವರ್ಗದ ಮಹನೀಯನೊಬ್ಬನಾದರೂ ಇಲ್ಲದ ಊರು ನಮ್ಮ ಬೀದರ ಸೀಮೆಯಲ್ಲಿ ಇರಲಾರದು. ಗೋಡೆಯ ಗಡಿಯಾರ ನಿಂತಾಗ, ಬಾವಿಯ ಮೋಟಾರು ಗುಂಯ್‌ಗುಟ್ಟಿದಾಗ, ಅವನನ್ನು ಯಾರೂ ಕರೆಯಬೇಕಾದುದಿಲ್ಲ. ಪಾನಾ ಹಿಡಿದು ಅವನು ಆಗಲೇ ಅಂಗಳದಲ್ಲಿ ನಿಂತಿರುತ್ತಾನೆ. ಗೋರ್ಟಾ (ಬಿ) ಗ್ರಾಮದಲ್ಲಿ ಈ ಪೀಠವನ್ನು ಬಹುಕಾಲದಿಂದ ಅಲಂಕರಿಸಿರುವವರು ನಮ್ಮ ಕಾಕಾ.

ಗೋರ್ಟಾ ಎಂದೊಡನೆ ಬಲ್ಲವರಿಗೆ ನೆನಪಾಗುವುದು 1948ರ ಮೇ ತಿಂಗಳಿನಲ್ಲಿ ರಜಾಕಾರರ ಕೈಯಿಂದ ಅಲ್ಲಿ ಹರಿದ ರಕ್ತ. ಆ ನೆನಪಿಗೆ ತಲೆಬಾಗಿಸಿ ಮುಂದೆ ನಡೆಯುವುದಷ್ಟೇ ಹಾಸ್ಯದ ಲೇಖನಿಗೆ ತಕ್ಕುದು. ಊರ ಹೆಸರಿನ ಬಾಲದಲ್ಲಿರುವ ‘ಬಿ’ ಎಂಬುದು ಬುಜುರ್ಗ್, ಅಂದರೆ ಹಿರಿದು, ಎಂಬ ಪಾರ್ಸಿ ಶಬ್ದದ ಸಂಕ್ಷೇಪವೆಂದೂ, ‘ಕೆ’ ಎಂದಿದ್ದರೆ ಖುರ್ದ್, ಅಂದರೆ ಕಿರಿದು, ಎಂದು ತಿಳಿಯತಕ್ಕದ್ದೆಂದೂ ದಫ್ತರು ಬಲ್ಲವರು ಹೇಳುತ್ತಾರೆ. ಕಾಕಾರ ಮನೆಯ ಓಣಿಯ ಹುಡುಗರು ಮಾತ್ರ ‘ಬಿ’ ಎಂದರೆ ‘ಬಿಚ್ಚು’ ಎಂದು ಅರ್ಥ ಮಾಡುತ್ತಾರೆ. ಕಾಕಾರನ್ನು ಬಲ್ಲ ನಾನು ಆ ನಿಷ್ಪತ್ತಿಯನ್ನು ಅಲ್ಲಗಳೆಯಲಾರೆನು.

ನೌಕರಿಯಿಂದ ನಿವೃತ್ತರಾದ ಮೇಲೆ ಕಾಕಾ ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಹಿಂದಿನ ಸೀಟುಗಳನ್ನೆಲ್ಲ ಕಿತ್ತು, ಆ ಜಾಗದಲ್ಲಿ ಎರಡು ಮಂಚ, ಒಂದು ಗ್ಯಾಸಿನ ಒಲೆ, ನೀರಿನ ಡ್ರಮ್ಮು ಮತ್ತು ದೇವರ ಮಾಡವನ್ನು ಸ್ಥಾಪಿಸಿ, ತುಳಜಾಪುರ, ಗಾಣಗಾಪುರ, ಪಂಢರಪುರಗಳನ್ನು ಮನೆಯ ಸಮೇತವಾಗಿಯೇ ಸಂದರ್ಶಿಸುವ ಸಂಕಲ್ಪ ಮಾಡಿದರು. ನೆರೆಯ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು, 1129ರ ಸುಮಾರಿನಲ್ಲಿ ರಚಿಸಿದ ತನ್ನ ‘ಮಾನಸೋಲ್ಲಾಸ’ದಲ್ಲಿ, ರಾಜಯೋಗ್ಯವಾದ ಇಪ್ಪತ್ತು ಉಪಭೋಗಗಳನ್ನು ವರ್ಣಿಸುವಾಗ, ಗೃಹಕ್ಕೊಂದು, ಅನ್ನಕ್ಕೊಂದು, ಯಾನಕ್ಕೊಂದು, ಶಯ್ಯೆಗೊಂದು ಎಂದು ಬೇರೆ ಬೇರೆ ಅಧ್ಯಾಯಗಳನ್ನು ಮೀಸಲಿಟ್ಟನು. ಚಕ್ರವರ್ತಿಗೆ ಬಿಡಿಬಿಡಿಯಾಗಿ ಲಭಿಸಿದ್ದ ಈ ನಾಲ್ಕನ್ನೂ ಕಾಕಾ ಒಂದೇ ಚಾಸಿಸ್ಸಿನ ಮೇಲೆ ಕೂಡಿಸಿದರು. ಚಕ್ರವರ್ತಿಯ ಪಟ್ಟಿಯಲ್ಲಿಲ್ಲದ ಐದನೆಯದೊಂದು, ಸ್ಟೇರಿಂಗ್ ಬಾಕ್ಸಿನ ಸೋರಿಕೆ, ಕರೆಯದೆಯೇ ಬಂದು ಸೇರಿಕೊಂಡಿತು.

ಸ್ಟೇರಿಂಗ್ ಬಾಕ್ಸೆಂದರೆ, ಚಾಲಕನು ಚಕ್ರವನ್ನು ಹಲವು ಸುತ್ತು ತಿರುಗಿಸಿದ್ದನ್ನು ಮುಂದಿನ ಗಾಲಿಗಳ ಅಲ್ಪವಾದ ಹೊರಳಾಟವನ್ನಾಗಿ ಮಾರ್ಪಡಿಸುವ ಬೀಡುಕಬ್ಬಿಣದ ಪೆಟ್ಟಿಗೆ. ಒಳಗೆ ತಿರುಪಿನಾಕಾರದ ವರ್ಮ್. ಅದರ ಮೇಲೆ ಉಕ್ಕಿನ ಗುಂಡುಗಳ ಸಾಲಿನ ಮೂಲಕ ಹಿಂದೆ ಮುಂದೆ ಸರಿಯುವ ನಟ್ಟು. ಆ ನಟ್ಟಿನ ಹಲ್ಲುಗಳಿಗೆ ಕಚ್ಚಿಕೊಂಡ ಸೆಕ್ಟರ್ ಶಾಫ್ಟು. ಶಾಫ್ಟು ಹೊರಬಂದೆಡೆಯಲ್ಲಿ ಒಳಗಿನ ಎಣ್ಣೆಯನ್ನು ತಡೆಯಲೆಂದು ರಬ್ಬರಿನ ಸೀಲು. ಕಾಕಾರ ಗಾಡಿ ಸೋರುತ್ತಿದ್ದುದು ಈ ಸೀಲಿನ ಬಳಿಯಲ್ಲೇ. ನೈಂಟಿ ನಂಬರಿನ ಗೇರ್ ಎಣ್ಣೆ ಹನಿಹನಿಯಾಗಿ ಅಂಗಳಕ್ಕೆ ಬೀಳುವುದನ್ನು ಕಂಡ ಕಾಕಾ, ಕಾಕು ಹಿಟ್ಟು ನಾದುವ ಪರಾತವನ್ನೇ ತಂದು ಗಾಡಿಯ ಕೆಳಗಿರಿಸಿದರು. ಅಂದಿನಿಂದ ಆ ಮನೆಯ ರೊಟ್ಟಿಗಳು ಬೋಗುಣಿಯಲ್ಲಿ ನಾದಿದ ಹಿಟ್ಟಿನಿಂದ ಹುಟ್ಟತೊಡಗಿದವು.

ಕಾಕಾ ಸೀಲು ಬದಲಿಸಿದರು. ಸೋರಿತು. ಕಂಪನಿಯದಲ್ಲವೆಂದು ಅದನ್ನು ಬಿಸುಟು ಬೇರೊಂದನ್ನು ತಂದು ಹಾಕಿದರು. ಸೋರಿತು. ಮೂರನೆಯದಕ್ಕೆ ಸಾಬೂನು ಬಳಿದು, ಸುತ್ತಲೂ ಸೀಲಂಟ್ ಮೆತ್ತಿ, ಊದುಬತ್ತಿಯನ್ನೂ ಬೆಳಗಿದರು. ಎಣ್ಣೆ ಸೀಲಂಟಿನ ಅಂಚನ್ನು ಪ್ರದಕ್ಷಿಣೆ ಮಾಡಿ ಬಂದು ಪರಾತಕ್ಕಿಳಿಯಿತು. ಹೆದ್ದಾರಿಯ ಸಸ್ತಾಪುರ ಬಂಗ್ಲಾದಲ್ಲಿ ಲಾರಿಗಳ ಸ್ಟೇರಿಂಗನ್ನೇ ಕಸುಬಾಗಿಸಿಕೊಂಡ ಉಸ್ತಾದರು ಇರುವಾಗ ಈ ಪಾಡೇಕೆಂದು ನಾನು ಕೇಳಿದ್ದಕ್ಕೆ, ಬಸವಣ್ಣನ ನಾಡಿನಲ್ಲಿ ಹುಟ್ಟಿ ತನ್ನ ಕಾಯಕವನ್ನು ಅನ್ಯರಿಗೆ ಒಪ್ಪಿಸುವುದು ಶರಣಧರ್ಮವಲ್ಲವೆಂದು ಕಾಕಾ ಗಂಭೀರವಾಗಿ ಅಪ್ಪಣೆ ಕೊಡಿಸಿದರು. ಒಳಗಿನಿಂದ ಕಾಕುವಿನ ಧ್ವನಿ ಬಂದಿತು: “ಅಂಬಿಗರ ಚೌಡಯ್ಯ ದೋಣಿ ನಡಿಸಿದ್ರು, ಮಡಿವಾಳ ಮಾಚಯ್ಯ ಅರಿವಿ ಒಗದ್ರು. ಅವರ ಕಾಯಕ ಇವರು, ಇವರ ಕಾಯಕ ಅವರು ಮಾಡ್ಲಾಕ ಹೋಗಿಲ್ಲ ನೋಡ್ರಿ.”

ಈ ವಚನಕ್ಕೆ ಉತ್ತರವಾಗಿ ಕಾಕಾ ಇಡೀ ಪೆಟ್ಟಿಗೆಯನ್ನೇ ಇಳಿಸಿ, ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ, ಓಣಿಯ ಅರ್ಧ ಜನರ ಸಮಕ್ಷಮದಲ್ಲಿ ಬಿಚ್ಚಿದರು. ಪಲ್ಯಕ್ಕೆ ಉಪ್ಪು ಹೆಚ್ಚೇ ಕಡಿಮೆಯೇ ಎಂದು ಹೇಳಲಾರದವರೂ ವರ್ಮಿನ ವಿಷಯದಲ್ಲಿ ಖಚಿತಾಭಿಪ್ರಾಯವುಳ್ಳವರಾಗಿದ್ದರು. ನಟ್ಟನ್ನು ವರ್ಮಿನಿಂದ ಹೊರಗೆಳೆಯುವ ಮುನ್ನ ಗುಂಡುಗಳಿಗೆ ಬಟ್ಟೆ ಒಡ್ಡಬೇಕು, ಎಣಿಸಬೇಕು. ಅಷ್ಟನ್ನೇ, ಅದೇ ಅಳತೆಯವನ್ನೇ, ಗ್ರೀಸಿನಲ್ಲಿ ಅಂಟಿಸಿ ಮರಳಿ ಕೂಡಿಸಬೇಕು. ಕಾಕಾ ಎಳೆದರು, ಅಷ್ಟೆ. ಗುಂಡುಗಳು ದಾಳಿಂಬೆಯ ಬೀಜದಂತೆ ಸಿಡಿದು ಚರಂಡಿ, ಹಿತ್ತಿಲು, ಕೋಳಿಗೂಡುಗಳೆಂದು ದಿಕ್ಕುದಿಕ್ಕಿಗೆ ಹಂಚಿಹೋದವು. ಧೃತಿಗೆಡದ ಕಾಕಾ, ಗುಂಡೊಂದಕ್ಕೆ ಪೆಪ್ಪರಮೆಂಟೊಂದೆಂದು ಹುಡುಗರಿಗೆ ಇನಾಮು ಸಾರಿದರು. ಸಂಜೆಯೊಳಗಾಗಿ ಪರಾತದಲ್ಲಿ ಕಾಕಾ ನಿರೀಕ್ಷಿಸಿದ್ದಕ್ಕಿಂತಲೂ ಹೆಚ್ಚು ಗುಂಡುಗಳಿದ್ದವು. ಓಣಿಯ ಎರಡು ಸೈಕಲ್ಲುಗಳ ಗಾಲಿ ತಿರುಗುತ್ತಿರಲಿಲ್ಲ.

ಮರುದಿನ ಗೋಣಿಚೀಲದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಮೋಟಾರುಸೈಕಲ್ಲಿನ ಹಿಂದೆ ಕುಳಿತು, ಕಾಕಾ ಸಸ್ತಾಪುರ ಬಂಗ್ಲಾಕ್ಕೆ ದಯಮಾಡಿಸಿದರು; ದುರಸ್ತಿಗಲ್ಲ, ‘ಚರ್ಚೆಗೆ’ ಎಂದು ದಾರಿಯುದ್ದಕ್ಕೂ ನನಗೆ ಮನವರಿಕೆ ಮಾಡಿಕೊಟ್ಟರು. ಉಸ್ತಾದರು ಚಹಾ ಕುಡಿಯುತ್ತಿದ್ದರು. ಅವರ ಕೈಕೆಳಗಿನ, ಇನ್ನೂ ಮೀಸೆ ಮೂಡದ ಹುಡುಗನೊಬ್ಬನು ಶಾಫ್ಟನ್ನು ಎತ್ತಿಕೊಂಡು ಡೀಸೆಲ್ಲಿನಲ್ಲಿ ತೊಳೆದು, ಹೆಬ್ಬೆರಳಿನ ಉಗುರನ್ನು ಅದರ ಮೈಮೇಲೆ ಮೆಲ್ಲನೆ ಎಳೆದನು. ಹೊಳೆಯುವ ಉಕ್ಕಿನ ಮೇಲೆ ಜಾರುತ್ತ ಬಂದ ಉಗುರು, ಸೀಲಿನ ತುಟಿ ವರ್ಷಗಟ್ಟಲೆ ತಿಕ್ಕಿದ ಜಾಗಕ್ಕೆ ಬಂದೊಡನೆ ‘ಟಕ್’ ಎಂದು ನಿಂತಿತು. ಕೂದಲೆಳೆಯಷ್ಟು ಆಳದ ಉಂಗುರವೊಂದು ಅಲ್ಲಿ ಕೊರೆದುಹೋಗಿತ್ತು. ಬಳಿಕ ಶಾಫ್ಟನ್ನು ಅದರ ಬೇರಿಂಗಿನೊಳಗೆ ತೂರಿಸಿ ಎರಡು ಬೆರಳುಗಳಿಂದ ಅಲ್ಲಾಡಿಸಿ ತೋರಿಸಿದನು.

“ಶಾಫ್ಟೇ ಕುಣಿಲತ್ತದ ಕಾಕಾ, ಸೀಲ್ ಪಾಪ ಏನ್ ಮಾಡ್ತದರಿ?”

ಮೂರು ಸೀಲು ಮತ್ತು ಎರಡು ಸೈಕಲ್ಲುಗಳನ್ನು ಬಲಿಕೊಟ್ಟು ಅರಿಯಲಾಗದ ತತ್ತ್ವವು ಒಂದು ಉಗುರಿನಲ್ಲಿ ಮುಗಿದುದನ್ನು ಕಂಡ ಕಾಕಾ, ಕ್ಷಣಮಾತ್ರ ಮೌನವಾಗಿದ್ದು, ಬಳಿಕ ನನ್ನ ಕಡೆಗೆ ತಿರುಗಿ, “ನಾ ಮೊದಲೇ ಅಂದಿದ್ದಿಲ್ಲೇನು?” ಎಂದರು. ಈ ವರ್ಗದ ಪುರುಷರೆಲ್ಲರಿಗೂ ಇರುವ ಲಕ್ಷಣವಿದು: ಸತ್ಯವು ಯಾರ ಬಾಯಿಂದ ಹೊರಟರೂ ಅದು ತಮ್ಮಿಂದಲೇ ಕಡ ಹೋಗಿದ್ದುದೆಂದು ಅವರು ಬಲ್ಲರು.

ಮುಂದಿನದೆಲ್ಲ ಉಸ್ತಾದರ ಕೈಯ ಕೆಲಸ. ಹೊಸ ಶಾಫ್ಟು, ಹೊಸ ಬೇರಿಂಗು, ಒಂದೇ ಅಳತೆಯ ಹೊಸ ಗುಂಡುಗಳು. ಸ್ಪ್ರಿಂಗಿನ ಬದಿ ಎಣ್ಣೆಯ ಕಡೆಗೆ ಬರುವಂತೆ ಕೂಡಿಸಿದ ನಾಲ್ಕನೆಯ ಸೀಲು. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಸುತ್ತುಗಳನ್ನೆಣಿಸಿ, ಅದರ ಅರ್ಧಕ್ಕೆ ವರ್ಮನ್ನು ನಿಲ್ಲಿಸಿ, ಅಲ್ಲಿ ಮಾತ್ರ ತುಸು ಬಿಗಿ ತೋರುವಂತೆ ಮೇಲಿನ ಸ್ಕ್ರೂವನ್ನು ತಿರುವಿ ಲಾಕ್ ಮಾಡಿದರು. ‘ಬ್ರೇಕು, ಸ್ಟೇರಿಂಗು, ಇವೆರಡರ ಮ್ಯಾಲ ಹುಡುಗಾಟ ಬ್ಯಾಡ್ರಿ’ ಎಂದಷ್ಟೇ ಅವರ ಉಪದೇಶ.

ಪೆಟ್ಟಿಗೆ ಗಾಡಿಯನ್ನೇರಿದ ಮರುದಿನ ಅಂಗಳದಲ್ಲಿ ಒಂದು ಹನಿಯೂ ಇರಲಿಲ್ಲ. ಕಾಕು ಪರಾತವನ್ನು ಬೂದಿಯಿಂದ ಮೂರು ಸಲ ತಿಕ್ಕಿ ಒಳಕ್ಕೊಯ್ದರು. ಎರಡನೆಯ ದಿನವೂ ಅಂಗಳ ಒಣಗಿತ್ತು. ಬೇವಿನ ಕೆಳಗಿನ ಸಭೆ ವಿಷಯವಿಲ್ಲದೆ ಚದುರಿತು. ಕಾಕಾ ಊಟ ಸೇರದವರಂತೆ ಗಾಡಿಯ ಸುತ್ತ ಸುಳಿದಾಡಿದರು. ನಾಲ್ಕನೆಯ ದಿನ ಬೆಳಿಗ್ಗೆ ನಾನು ಹೋದಾಗ, ಟಾರ್ಚು ಹಿಡಿದ ಕಾಕಾರ ಕಾಲುಗಳು ಮಾತ್ರ ಗಾಡಿಯ ಕೆಳಗಿನಿಂದ ಹೊರಚಾಚಿದ್ದವು.

“ಒಂದು ಹನಿನೂ ಬೀಳವಲ್ದು,” ಎಂದಿತು ಕೆಳಗಿನಿಂದ ಧ್ವನಿ. “ಒಳಗ ಎಣ್ಣಿ ಅದನೋ ಇಲ್ಲೋ, ಯಾರಿಗಿ ಗೊತ್ತು? ಒಂದ್ಸಲ ಬಿಚ್ಚಿ...”

ಕಟ್ಟೆಯ ಮೇಲೆ ಜೋಳದ ಹಿಟ್ಟು ನಾದುತ್ತಿದ್ದ ಕಾಕು ಮಾತಾಡಲಿಲ್ಲ. ಹಿಟ್ಟಿನ ಮುದ್ದೆಯನ್ನೆತ್ತಿ ಬೋಗುಣಿಗೆ ಹಾಕಿ, ಕೈಯೊರೆಸಿಕೊಂಡು ಎದ್ದು ಬಂದು, ಪರಾತವನ್ನು ಕಾಲಿನಿಂದ ಮೆಲ್ಲನೆ ಗಾಡಿಯ ಕೆಳಗೆ ನೂಕಿದರು.