ಭಾವನ ಬ್ಯಾಂಡು

ಬೆಂಗಳೂರಿನಲ್ಲಿ ಒಂದು ಜಾತಿಯ ರಸಿಕರಿದ್ದಾರೆ. ವಯಸ್ಸು ಐವತ್ತರ ಆಚೀಚೆ, ಮೈಮೇಲೆ ಒಗೆದು ಒಗೆದು ಬೂದಿಬಣ್ಣಕ್ಕೆ ತಿರುಗಿದ ಕರಿ ಟೀ ಶರ್ಟು, ಅದರ ಮೇಲೆ ಅರ್ಧ ಅಳಿಸಿಹೋದ ತಲೆಬುರುಡೆ. ಯಾವ ರಾಕ್ ಬ್ಯಾಂಡಿನ ಹೆಸರೆತ್ತಿದರೂ ಇವರದು ಒಂದೇ ಮಾತು: "ಆಗ ನೋಡ್ಬೇಕಿತ್ತು ನೀನು." ಆಗ ಎಂದರೆ, ಆ ಬ್ಯಾಂಡನ್ನು ಇವರನ್ನು ಬಿಟ್ಟು ಇನ್ಯಾರೂ ಕೇಳದಿದ್ದ ಕಾಲ.

ಈ ಜಾತಿಯವರೊಬ್ಬರನ್ನು ನಮ್ಮಕ್ಕ ಮದುವೆಯಾದಳು. ಮೊದಲನೇ ವರ್ಷವೇ "ಆ ಗಲಾಟೆಗೆ ನಾನು ಬರಲ್ಲ ರೀ" ಎಂದು ಕಡ್ಡಿ ಮುರಿದಂತೆ ಹೇಳಿದಳು. ಅಂದಿನಿಂದ ಎರಡನೇ ಟಿಕೆಟ್ಟು ನನ್ನ ಪಾಲಿಗೆ ಬಂದಿದೆ.

ಭಾವನ ಬ್ಯಾಂಡು ಥರ್ಮಲ್ ಅಂಡ್ ಎ ಕ್ವಾರ್ಟರ್. 1996ರಲ್ಲಿ ಬೆಂಗಳೂರಿನ ಹುಡುಗರು ಕಟ್ಟಿದ್ದು. ಹಾಡುವವರು, ಗಿಟಾರ್ ನುಡಿಸುವವರು ಬ್ರೂಸ್ ಲೀ ಮಣಿ. ಡ್ರಮ್ಸ್ ರಾಜೀವ್ ರಾಜಗೋಪಾಲ್. ಭಾವ ಇವರ ಬಗ್ಗೆ ಮಾತಾಡುವಾಗ ಒಮ್ಮೆಯೂ ಬಹುವಚನ ಬಳಸಿದ್ದಿಲ್ಲ. "ಮಣಿ ಇವತ್ತು ಮೂಡಲ್ಲಿದಾನೆ ಕಣೋ" ಅನ್ನುತ್ತಾರೆ. ಮಣಿಯವರಿಗೆ ಭಾವ ಯಾರೆಂದು ಗೊತ್ತಿರುವ ಸಾಧ್ಯತೆ ಬಹಳ ಕಡಿಮೆ.

ದೊಡ್ಡ ಕಚೇರಿಗಳನ್ನು ಕಂಡರೆ ಭಾವನಿಗೆ ಆಗುವುದಿಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಎರಡಕ್ಕೂ ಹೋಗಿ, ಎರಡನ್ನೂ ಬೈದು ಬಂದವರು. "ಅಷ್ಟು ದೂರದಿಂದ ನೋಡಿದ್ದು ಪರದೇನ. ಅದಕ್ಕೆ ಊರ್ವಶಿ ಥಿಯೇಟರ್ ಸಾಲದಾ?" ಇವರಿಗೆ ಬೇಕಾದದ್ದು ಇಂದಿರಾನಗರದ ಯಾವುದೋ ಮಹಡಿ. ವೇದಿಕೆ ಮೊಣಕಾಲಿಗಿಂತ ಕೆಳಗಿರಬೇಕು, ಡ್ರಮ್ಮಿನ ಏಟು ಮೈಕಿನ ಹಂಗಿಲ್ಲದೆ ಎದೆಗೆ ತಾಗಬೇಕು, ಗಿಟಾರ್ ತಂತಿ ಕಡಿದರೆ ಮುಂದಿನ ಸಾಲಿನವರು ಕಣ್ಣು ಮುಚ್ಚಿಕೊಳ್ಳಬೇಕು. ಇಷ್ಟರಮಟ್ಟಿಗೆ ಅವರ ಮಾತು ಸರಿ ಎಂದು ನನಗೂ ಅನಿಸುತ್ತದೆ. ಆದರೆ ಅದನ್ನು ಅವರೆದುರು ಒಪ್ಪಿಕೊಂಡರೆ ಇನ್ನೊಂದು ಗಂಟೆ ಕೇಳಬೇಕಾಗುತ್ತದೆ.

ಎಂಟು ಗಂಟೆಗೆ ಶುರು ಎಂದು ಹಾಕಿರುತ್ತಾರೆ. ಒಂಬತ್ತೂವರೆಗೆ ಮುಂಚೆ ಯಾವತ್ತೂ ಶುರುವಾಗುವುದಿಲ್ಲ ಎಂದು ಭಾವನಿಗೆ ಚೆನ್ನಾಗಿ ಗೊತ್ತು. ನಾವು ಏಳೂವರೆಗೇ ಹಾಜರ್. ಕೌಂಟರಿನ ಹುಡುಗಿ ಮುಂಗೈಗೆ ಮುದ್ರೆ ಒತ್ತುತ್ತಾಳೆ. ಭಾವ ನೆಟ್ಟಗೆ ಸೌಂಡ್ ಮಿಕ್ಸರ್ ಪಕ್ಕ ಹೋಗಿ ನಿಲ್ಲುತ್ತಾರೆ. ಇಡೀ ಕೋಣೆಯಲ್ಲಿ ಸದ್ದು ಸರಿಯಾಗಿ ಕೇಳುವ ಜಾಗ ಅದೊಂದೇ, ಯಾಕೆಂದರೆ ಸೌಂಡ್ ಇಂಜಿನಿಯರ್ ತನ್ನ ಕಿವಿಗೆ ತಕ್ಕಂತೆ ಎಲ್ಲವನ್ನೂ ತಿದ್ದುತ್ತಿರುತ್ತಾನೆ. ಇದು ಶಾಸ್ತ್ರ. ಅಷ್ಟಕ್ಕೇ ಬಿಟ್ಟರೆ ಚೆನ್ನ. ಎರಡನೇ ಹಾಡಿನ ಹೊತ್ತಿಗೆ ಭಾವ ಅವನ ಭುಜ ತಟ್ಟಿ "ಬೇಸ್ ಸ್ವಲ್ಪ ಜಾಸ್ತಿ ಆಯ್ತು ಕಣಪ್ಪ" ಅನ್ನುತ್ತಾರೆ. ಒಬ್ಬ ಪುಣ್ಯಾತ್ಮ ಮಾತ್ರ ಇವರನ್ನು ಗೆದ್ದ. ಯಾವುದಕ್ಕೂ ಜೋಡಿಸಿರದ ಒಂದು ತಿರುಪನ್ನು ತೋರಿಸಿ, "ನೀವೇ ನೋಡ್ಕೊಳ್ಳಿ ಸಾರ್" ಅಂದ. ಭಾವ ಇಡೀ ರಾತ್ರಿ ಅದನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸುತ್ತಾ ನಿಂತಿದ್ದರು. ಆವತ್ತಿನ ಸೌಂಡಿನಷ್ಟು ಒಳ್ಳೆಯ ಸೌಂಡು ಈ ಊರಲ್ಲಿ ಮತ್ತೆ ಆಗಲೇ ಇಲ್ಲವಂತೆ.

ಹಾಡು ನಡೆಯುವಾಗ ನನ್ನ ಕಿವಿಯ ಪಕ್ಕ ಬಾಯಿಟ್ಟು ವಿವರಣೆ ಬೇರೆ. "ಈಗ ಕೇಳು, ಏಳರ ತಾಳಕ್ಕೆ ಹೋಗ್ತಾನೆ." ಏಳು ಬಂತೋ ಎಂಟು ಬಂತೋ ನನಗೆ ತಿಳಿಯುವುದಿಲ್ಲ, ಭಾವನ ಕಾಫಿ ವಾಸನೆ ಮಾತ್ರ ತಿಳಿಯುತ್ತದೆ. ನಾನು ತಲೆ ಆಡಿಸುತ್ತೇನೆ, ಅದೂ ತಾಳ ತಪ್ಪಿ.

ಇದೆಲ್ಲಕ್ಕಿಂತ ಮುಖ್ಯ ಅವರ ತಲೆಲೆಕ್ಕ. ಹಾಡು ಶುರುವಾಗುವ ಮುಂಚೆ ಹಿಂದೆ ನಿಂತು ಜನರನ್ನು ಎಣಿಸುತ್ತಾರೆ. ನಲವತ್ತರೊಳಗಿದ್ದರೆ ಮುಖ ಅರಳುತ್ತದೆ: "ಇವತ್ತು ಕೇಳೋರು ಬಂದಿದಾರೆ." ನೂರು ದಾಟಿದರೆ ಮುಗಿಯಿತು, ಕರೆಯದ ನೆಂಟರು ಪಂಕ್ತಿಯಲ್ಲಿ ಕೂತದ್ದನ್ನು ಕಂಡ ಮನೆ ಯಜಮಾನನ ಮುಖ. ಒಂದು ಶನಿವಾರ ಕಾಲೇಜಿನವರೇ ತುಂಬಿದ್ದರು. ಎಲ್ಲರಿಗೂ ಸಾಹಿತ್ಯ ಬಾಯಿಪಾಠ. ಭಾವ ಒಳಗೊಳಗೇ ಕುದಿಯುತ್ತಾ ನಿಂತಿರುವಾಗ ಇಪ್ಪತ್ತರ ಆಸುಪಾಸಿನ ಹುಡುಗಿಯೊಬ್ಬಳು ತುಂಬ ಮರ್ಯಾದೆಯಿಂದ ಕೇಳಿದಳು: "ಅಂಕಲ್, ನೀವು ಬ್ಯಾಂಡಿನವರ ಅಪ್ಪನಾ?" ಮುಂದಿನ ಎರಡು ಹಾಡು ಭಾವ ನನಗೆ ಏನನ್ನೂ ವಿವರಿಸಲಿಲ್ಲ. ಆ ಹುಡುಗಿಯ ಹೊಟ್ಟೆ ತಣ್ಣಗಿರಲಿ. ಆಮೇಲೆ ಪಾರ್ಕಿಂಗಿನಲ್ಲಿ ಸ್ಕೂಟರ್ ಕಿಕ್ ಹೊಡೆಯುತ್ತಾ, "ಹೂಂ ಅಂದಿದ್ರೆ ಮುಂದೆ ಕೂರಿಸ್ತಿದ್ಲೇನೋ" ಅಂದರು.

ಇಷ್ಟೆಲ್ಲ ಬೈದರೂ ಒಂದು ಹೇಳಬೇಕು. ಇಂಥವರು ಟಿಕೆಟ್ಟಿಲ್ಲದೆ ಯಾವ ಬಾಗಿಲನ್ನೂ ದಾಟಿದವರಲ್ಲ. ಸಿಡಿ ಹಾಕುವ ಯಂತ್ರ ಮನೆಯಿಂದ ಹೋದ ಮೇಲೂ ಸಿಡಿ ಕೊಂಡವರು. ಊರಿನಲ್ಲಿ ಅವರು ನಿಲ್ಲುವ ಜಾಗಗಳೇ ಒಂದೊಂದಾಗಿ ಹೋದವು. ಸಾರ್ವಜನಿಕ ಮನರಂಜನೆಯ ಪರವಾನಗಿ ಬಗ್ಗೆ 2005ರಲ್ಲಿ ಹೊರಟಿದ್ದ ಪೊಲೀಸ್ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಎಷ್ಟೋ ಪಬ್ಬುಗಳಲ್ಲಿ ಹಾಡು ನಿಂತಿತು. ಮರುವರ್ಷ ಇಂದಿರಾನಗರದ ಹಮ್ಮಿಂಗ್ ಟ್ರೀ ಎಂಬ ಪಬ್ಬು ಬಾಗಿಲು ಹಾಕಿತು. ಆ ದಾರಿಯಲ್ಲಿ ಹೋಗುವಾಗ ಈಗಲೂ ಭಾವ ಸ್ಕೂಟರ್ ನಿಧಾನ ಮಾಡುತ್ತಾರೆ. ನಾನು ಕೇಳಿದರೆ "ಹಂಪ್ ಇದೆ" ಅನ್ನುತ್ತಾರೆ. ಅಲ್ಲಿ ಹಂಪ್ ಇಲ್ಲ.

ಮೊನ್ನೆ ಇನ್ನೊಂದು ಪುಟ್ಟ ಜಾಗಕ್ಕೆ ಹೋಗಿದ್ದೆವು. ಮಳೆ. ಭಾವ ಎಣಿಸಿದರು: ಇಪ್ಪತ್ತಾರು, ಅದರಲ್ಲಿ ನಾಲ್ವರು ಮಾಣಿಗಳು. ಮುಖ ಅರಳಲಿಲ್ಲ. ಮತ್ತೊಮ್ಮೆ ಎಣಿಸಿದರು. ಮಿಕ್ಸರಿನ ಪಕ್ಕ ಬಿಟ್ಟು ಮುಂದೆ ಹೋಗಿ ನಿಂತು, ನೋಯುವ ಮಂಡಿಯಲ್ಲೇ ಕುಣಿದು, ಹತ್ತು ಜನರ ಚಪ್ಪಾಳೆ ಒಬ್ಬರೇ ತಟ್ಟಿದರು. ಮುಗಿದ ಮೇಲೆ ತಮಗೆ ಹಿಡಿಸದ ಅಳತೆಯ ಟೀ ಶರ್ಟು ಎರಡು ಕೊಂಡರು.

ಹೊರಗೆ ಬಂದಾಗ ಅಕ್ಕನ ಫೋನು. ಕಿವಿಯಲ್ಲಿ ಇನ್ನೂ ಗುಂಯ್‌ಗುಡುತ್ತಿದ್ದುದರಿಂದ ಭಾವ ಇಡೀ ರಸ್ತೆಗೆ ಕೇಳುವಂತೆ ಕೂಗಿದರು: "ಏನು ಜನ ಅಂತೀಯೇ! ಕಾಲಿಡಕ್ಕೆ ಜಾಗ ಇರಲಿಲ್ಲ!"

ಅತ್ತ ಕಡೆಯಿಂದ ಅಕ್ಕ ಕೇಳಿದ್ದು ನನಗೂ ಕೇಳಿಸಿತು. "ಮತ್ತೆ ಇಷ್ಟು ಖುಷಿಯಾಗಿದ್ದೀರಲ್ಲ, ಹುಷಾರಾಗಿದ್ದೀರಾ?"