ಅಲುಗಾಡುವ ಮೇಜಿನ ಪರವಾಗಿ ಒಂದು ವಾದ

ಮನೆಯಲ್ಲೇ ಬಡಿದು ಮಾಡಿದ ಬರೆಯುವ ಮೇಜು ತಗ್ಗುದಿಣ್ಣೆಯಾಗಿದೆ ಎಂದರೆ ಬೆಳಗಾವಿಯಲ್ಲಿ ಎಲ್ಲರ ಬೆರಳೂ ಆಟೋ ನಗರದ ಕಡೆ ತಿರುಗುತ್ತದೆ. ತಗ್ಗಿಗೆ ಪುಟ್ಟಿ ಮೆತ್ತು, ಉಜ್ಜು, ಸ್ಪ್ರೇ ಹೊಡಿ; ಲಾರಿ ಗುದ್ದಿದ ಕಾರಿನ ಬಾಗಿಲೇ ಫಳಫಳ ಅನ್ನುವಾಗ ಹಲಗೆ ಯಾವ ಲೆಕ್ಕ? ಆಟೋ ನಗರದಿಂದ ಕಣ್ಣನ್ನು ತರಬೇಕು, ಪುಟ್ಟಿಯನ್ನಲ್ಲ ಎಂಬುದು ನನ್ನ ವಾದ. ತಗಡು ಹಿಗ್ಗಿದರೆ ಎಲ್ಲ ದಿಕ್ಕಿಗೂ ಒಂದೇ ಸಮ ಹಿಗ್ಗುತ್ತದೆ. ಮರಕ್ಕೆ ಆ ಸಭ್ಯತೆಯಿಲ್ಲ. ಉದ್ದಕ್ಕೆ ಜಗ್ಗುವುದೇ ಇಲ್ಲವೆನ್ನಬಹುದು. ಅಗಲಕ್ಕೆ ಮಾತ್ರ ತೇವ ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ. ಅದರಲ್ಲೂ ಉಂಗುರಗಳ ಗುಂಟ ಕುಗ್ಗುವುದು ಉಂಗುರಗಳನ್ನು ಹಾಯ್ದು ಕುಗ್ಗುವುದರ ಸುಮಾರು ಎರಡು ಪಟ್ಟು. ಹಲಗೆ ಡೊಂಕಾಗುವುದೇ ಈ ಪಕ್ಷಪಾತದಿಂದ. ಖಾನಾಪುರದ ಮಳೆಗಾಲ, ಆಮೇಲಿನ ಬೇಸಿಗೆ ಎರಡನ್ನೂ ಮರ ಉಣ್ಣುತ್ತದೆ. ಪುಟ್ಟಿ ತಾನಿದ್ದಲ್ಲೇ ಕಲ್ಲಾಗಿ ಕೂತು, ಕೊನೆಗೆ ಅಂಚಿನಲ್ಲಿ ಬಿರಿಯುತ್ತದೆ.

ಆದರೆ ಹಲಗೆಗಿಂತ ಮೊದಲು ಕಾಲುಗಳ ತಕರಾರು ಬಗೆಹರಿಯಬೇಕು. ಶಹಾಬಾದ್ ಫರಶಿಯ ಮನೆಗಳಲ್ಲಿ ತಪ್ಪು ಮೇಜಿನದೋ ನೆಲದ್ದೋ ಹೇಳುವುದು ಕಷ್ಟ. ಇಲ್ಲಿ ಗಣಿತಜ್ಞರದೊಂದು ಪ್ರಮೇಯವಿದೆ: ನಾಲ್ಕೂ ಕಾಲು ಸಮವಿರುವ ಚೌಕದ ಮೇಜನ್ನು ಉಬ್ಬುತಗ್ಗಿನ ನೆಲದ ಮೇಲೆ ಇದ್ದಲ್ಲೇ ತಿರುಗಿಸುತ್ತ ಹೋದರೆ, ಕಾಲುಭಾಗ ಸುತ್ತು ಮುಗಿಯುವುದರೊಳಗೆ ಅದು ಅಲುಗಾಡದೆ ನಿಲ್ಲುವ ಒಂದು ನೆಲೆ ಸಿಕ್ಕೇ ಸಿಗುತ್ತದೆ. ಆಯತದ ಮೇಜಿಗೆ ಅರ್ಧ ಸುತ್ತು. ಈಗ ಮನೆಯ ಯಜಮಾನರನ್ನು ಕಲ್ಪಿಸಿಕೊಳ್ಳಿ. ಮೇಜನ್ನು ತಬ್ಬಿಕೊಂಡು ಅಂಗುಲ ಅಂಗುಲವಾಗಿ ತಿರುಗುತ್ತಿದ್ದಾರೆ; ಮಕ್ಕಳು ಮಂಚ ಹತ್ತಿದ್ದಾರೆ; ಅಡುಗೆಮನೆಯಿಂದ ಇಣುಕಿದವರು ಏನೂ ಕೇಳದೆ ಒಳಗೆ ಹೋಗಿದ್ದಾರೆ. ಅಂತೂ ಮೇಜು ನಿಂತಿತು, ಬಾಗಿಲಿಗೆ ಒಂದು ಮೂಲೆ, ಕಿಟಕಿಗೆ ಬೆನ್ನು ಕೊಟ್ಟು. ಪ್ರಮೇಯ ಗೆದ್ದಿದೆ, ಮನೆಮಂದಿ ಅಡ್ಡಡ್ಡ ನಡೆಯುತ್ತಾರೆ. ಅಷ್ಟಕ್ಕೂ ಫರಶಿಯ ಸಂದಿಯಲ್ಲಿ ಸಣ್ಣ ಮೆಟ್ಟಿಲಿದ್ದರೆ ಪ್ರಮೇಯ ಕೈಕೊಡುತ್ತದೆ, ಮತ್ತು ಮನೆಯಲ್ಲಿ ಮಾಡಿದ ಮೇಜಿಗೆ ಸಮ ಕಾಲು ಎಲ್ಲಿಂದ ಬರಬೇಕು? ಹಾಗೆಂದು ಗರಗಸ ಹಿಡಿಯಬಾರದು. ಒಂದು ಕಾಲು ಕೊಯ್ದರೆ ಇನ್ನೊಂದು ತಕರಾರು ತೆಗೆಯುತ್ತದೆ. ಗಡಿ ತಕರಾರಿನ 1967ರ ಮಹಾಜನ ವರದಿಯ ಮೇಲೆ ಇನ್ನೂ ವಾದಿಸುತ್ತಿರುವ ಊರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿಡ್ಡ ಕಾಲಿನ ಅಡಿಗೆ ಚಕ್ಕೆಯೊಂದನ್ನು ಅಂಟಿಸಿದರೆ ಸಾಕು.

ಇನ್ನು ಆಟೋ ನಗರದ ಕಣ್ಣು. ಬಾಡಿ ಕೆಲಸದವರು ಉಜ್ಜುವ ಮುನ್ನ ತೆಳ್ಳಗೆ ಕಪ್ಪು ಬಣ್ಣ ಸಿಂಪಡಿಸುತ್ತಾರೆ. ಉದ್ದನೆಯ ಪಟ್ಟಿಗೆ ಕಾಗದ ಸುತ್ತಿ ಉಜ್ಜಿದಾಗ ಕಪ್ಪು ಉಳಿದದ್ದೇ ತಗ್ಗು. ಹಲಗೆಯ ಮೇಲೆ ಪೆನ್ಸಿಲ್ ಗೀಚಿ ರಂದಾ ಹೊಡೆದರೂ ಅದೇ ಸಾಕ್ಷಿ ಸಿಗುತ್ತದೆ. ಮಿಷನ್ನಿಗೆ ಕೊಟ್ಟರೆ ಚಿಟಿಕೆಯಲ್ಲಿ ಮುಗಿಯುತ್ತದಲ್ಲ ಎನ್ನಬಹುದು. ಮಿಷನ್ನಿನ ರೋಲರು ಡೊಂಕು ಹಲಗೆಯನ್ನು ಅದುಮಿ ಹಿಡಿದು ಹೆರೆಯುತ್ತದೆ. ಹೊರಬಂದ ಹಲಗೆ ಮತ್ತೆ ಡೊಂಕಾಗುತ್ತದೆ. ಆದ್ದರಿಂದ ಇನ್ನಷ್ಟು ಹೆರೆಯುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಸಾಗವಾನಿಯ ಒಂದು ಉಂಗುರವೆಂದರೆ ಕಾಡಿನಲ್ಲಿ ಅದು ಕಳೆದ ಒಂದು ವರ್ಷ. ಕನ್ನಡಿಯಂಥ ಸಮತಟ್ಟಿನ ಹಟಕ್ಕೆ ಅಂಥ ವರ್ಷಗಳು ಹೊಟ್ಟಾಗಿ ಒಲೆಗೆ ಹೋಗುತ್ತವೆ. ಕಾಗದ ಕೂರುವಷ್ಟು ಜಾಗ ಮಟ್ಟವಿದ್ದರೆ ಬರವಣಿಗೆ ಸಾಗುತ್ತದೆ.

ಪಾಲಿಶ್ ಯಾವುದಾದರೂ ಸರಿ (ಅರಗಿನದಾದರೆ ಬಿಸಿ ಚಹಾ ಬಿಳಿ ಉಂಗುರ ಬಿಡುತ್ತದೆ), ಅಡಿಭಾಗಕ್ಕೂ ಅಷ್ಟೇ ಕೈ ಹೊಡೆಯಬೇಕು. ಕೆಳಗೆ ಯಾರು ನೋಡುತ್ತಾರೆ ಎಂಬ ಆಕ್ಷೇಪ ಹಳೆಯದು. ಬೋಳು ಅಡಿ ಮಳೆಗಾಲದಲ್ಲಿ ಹೆಚ್ಚು ತೇವ ಕುಡಿದು ಉಬ್ಬುತ್ತದೆ, ಮೇಲೆ ಅಂಚುಗಳೆದ್ದು ಹಲಗೆ ತಟ್ಟೆಯಾಗುತ್ತದೆ. ಸ್ಕ್ರೂ ತೂತುಗಳನ್ನೂ ಉದ್ದುದ್ದ ಮಾಡಿ ಹಲಗೆಗೆ ಸರಿದಾಡಲು ಬಿಡಬೇಕು. ಇಷ್ಟಾದ ಮೇಲೂ ಎರಡು ಮೊಣಕೈ ಊರಿ, ಜಗ್ಗಾಡಿ, ‘ಇನ್ನೂ ಸ್ವಲ್ಪ ಅಳ್ಳಾಡ್ತೈತಲ್ರೀ’ ಎನ್ನುವ ಬಂಧುಗಳು ದಯವಿಟ್ಟು ತಾವು ಕೂತ ಕುರ್ಚಿಯನ್ನೊಮ್ಮೆ ಪರೀಕ್ಷಿಸಬೇಕು.